ಅಯಾನುಗೋಳದ ಸನ್ನಿಧಾನಕ್ಕೆ ಐದು ವಾಟಿನ ಬಿನ್ನವತ್ತಳೆ

ವಿಷಯ: ಪೆನ್ನೈನ್ ವೇ ಚಾರಣದ ದಿನಗಳಲ್ಲಿ 14 ಮೆಗಾಹರ್ಟ್ಸ್ ತೆರೆದಿಡುವ ಬಗ್ಗೆ.

ಪೆನ್ನೈನ್ ವೇ ಇಂಗ್ಲೆಂಡಿನ ಬೆನ್ನುಮೂಳೆಯ ಗುಂಟ ಸಾಗುವ ಕಾಲುದಾರಿ. ಡರ್ಬಿಶೈರಿನ ಈಡೇಲ್‌ನಲ್ಲಿ ಹೊರಟು, ಸ್ಕಾಟ್ಲೆಂಡಿನ ಗಡಿ ದಾಟಿದ ಕೂಡಲೇ ಸಿಗುವ ಕರ್ಕ್ ಯೆಟ್‌ಹೋಮ್ ಎಂಬ ಹಳ್ಳಿಯಲ್ಲಿ ಮುಗಿಯುತ್ತದೆ. ಉದ್ದ 268 ಮೈಲಿ, ಅಂದರೆ ಸುಮಾರು 431 ಕಿಲೋಮೀಟರ್. ಇಂಥದೊಂದು ದಾರಿ ಬೇಕೆಂದು ಟಾಮ್ ಸ್ಟೀಫನ್‌ಸನ್ ಎಂಬ ಪತ್ರಕರ್ತ 1935ರಲ್ಲಿ ಪತ್ರಿಕೆಯಲ್ಲಿ ಬರೆದ. ಅದು ಅಧಿಕೃತವಾಗಿ ತೆರೆದದ್ದು 1965ರ ಏಪ್ರಿಲ್ 24ರಂದು. ಕಾರ್ಖಾನೆಯ ಗದ್ದಲದಲ್ಲಿ ಕಿವಿ ಕೆಟ್ಟ ಜನ ಮೂವತ್ತು ವರ್ಷ ಕಾದು ಪಡೆದ ನಿಶ್ಶಬ್ದ ಅದು. ಆ ನಿಶ್ಶಬ್ದದೊಳಕ್ಕೆ ರೇಡಿಯೋ ಹೊತ್ತುಕೊಂಡು ಹೋಗಿ ಗಂಟಲು ಹರಿಯುವಂತೆ ಕೂಗುವ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಒಂದು ಪಂಗಡ ಈಗ ಇದೆ. ಈ ಬಿನ್ನವತ್ತಳೆ ಅವರ ಪರವಾಗಿ, ನೆಲದಿಂದ ನೂರು–ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ ಕಚೇರಿ ನಡೆಸುತ್ತ ರೇಡಿಯೋ ಅಲೆಗಳನ್ನು ನೆಲಕ್ಕೆ ತಿರುಗಿಸಿ ಕಳಿಸುವ ಮಾನ್ಯ ಅಯಾನುಗೋಳಕ್ಕೆ.

ಅರ್ಜಿ ಈ ಬೆಟ್ಟಗಳಿಂದಲೇ ಹೋಗುವುದಕ್ಕೆ ಹಳೆಯ ಋಣಾನುಬಂಧವೂ ಉಂಟು. ಅಯಾನುಗೋಳ ನಿಜಕ್ಕೂ ಇದೆಯೆಂದು ಅಳೆದು ತೋರಿಸಿದ ಎಡ್ವರ್ಡ್ ಆಪಲ್ಟನ್ 1892ರಲ್ಲಿ ಹುಟ್ಟಿದ್ದು ಇದೇ ಸಾಲಿನ ಮಗ್ಗುಲಿನ ಬ್ರಾಡ್‌ಫರ್ಡ್‌ನಲ್ಲಿ. 1924ರ ಡಿಸೆಂಬರಿನಲ್ಲಿ ಆತ ಬೋರ್ನ್‌ಮತ್‌ನ ಬಿಬಿಸಿ ಪ್ರಸಾರಕದ ಅಲೆಗಳನ್ನು ಆಕ್ಸ್‌ಫರ್ಡಿನಲ್ಲಿ ಹಿಡಿದು, ನೆಲದ ಮೇಲೆ ನೇರ ಬಂದ ಅಲೆಗೂ ಮೇಲೆ ಹೋಗಿ ತಿರುಗಿ ಬಂದ ಅಲೆಗೂ ಇರುವ ವ್ಯತ್ಯಾಸದಿಂದ ಎತ್ತರ ಲೆಕ್ಕ ಹಾಕಿದ. 1947ರಲ್ಲಿ ನೊಬೆಲ್ ಬಂತು. ಊರಿನವನೇ ಪರಿಚಯ ಮಾಡಿಸಿದ ಮೇಲೆ ಊರ ಬೆಟ್ಟ ಹತ್ತಿದವರಿಗೆ ಅಯಾನುಗೋಳ ಇಷ್ಟು ಬಿಗುಮಾನ ತೋರಬಾರದು.

ಈ ಪಂಗಡದ ಆಟಕ್ಕೆ ‘ಸಮ್ಮಿಟ್ಸ್ ಆನ್ ದಿ ಏರ್’ ಎಂದು ಹೆಸರು, ಆಡುಮಾತಿನಲ್ಲಿ ಸೋಟಾ. 2002ರ ಮಾರ್ಚ್ 2ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಶುರುವಾಯಿತು. ಬೆಟ್ಟದ ತುದಿಯಿಂದ ಕೂಗುವವನು ಆಕ್ಟಿವೇಟರ್, ಮನೆಯಲ್ಲಿ ಚಹಾ ಹೀರುತ್ತ ಓಗೊಡುವವನು ಚೇಸರ್. ನಾಲ್ಕು ಜನರೊಡನೆ ಸಂಪರ್ಕವಾದರೆ ಆ ಶಿಖರದ ಅಂಕ ಜಮೆ, ಮೂರಕ್ಕೇ ನಿಂತರೆ ಸೊನ್ನೆ. ಸಾವಿರ ಅಂಕ ಗಳಿಸಿದ ಆಕ್ಟಿವೇಟರಿಗೆ ‘ಬೆಟ್ಟದ ಮೇಕೆ’ ಎಂಬ ಬಿರುದು, ಚೇಸರಿಗೆ ‘ಕೋಣೆಯ ಸೋಮಾರಿ’ ಎಂಬ ಬಿರುದು. ಎರಡನ್ನೂ ಜನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ವಾಹನದಲ್ಲಿ ಕೂತು ಮಾತಾಡುವಂತಿಲ್ಲ, ಪೆಟ್ರೋಲ್ ಜನರೇಟರ್ ತರುವಂತಿಲ್ಲ. ಜನರೇಟರ್ ಹೊತ್ತು ಬೆಟ್ಟ ಹತ್ತುವ ಗಟ್ಟಿಗರೂ ಇದ್ದಾರೆಂಬ ಭಯದಿಂದಲೇ ಈ ನಿಯಮ ಬರೆದಿರಬೇಕು.

ಚಾರಣದ ಯೋಜನೆ ತಕ್ಕಡಿಯಿಂದ ಶುರುವಾಗುತ್ತದೆ. ಅಡುಗೆಮನೆಯ ತಕ್ಕಡಿಯ ಮೇಲೆ ಮೊದಲು ಕೂರುವುದು ಹಲ್ಲುಜ್ಜುವ ಬ್ರಷ್ಷು. ಅದರ ಹಿಡಿಯನ್ನು ಗರಗಸದಲ್ಲಿ ಅರ್ಧಕ್ಕೆ ಕೊಯ್ದು ಐದಾರು ಗ್ರಾಂ ಉಳಿಸಲಾಗುತ್ತದೆ. ಆಮೇಲೆ ಟವೆಲಿನ ಮೂಲೆಗಳು, ಭೂಪಟದ ಅಂಚು, ಎರಡನೆಯ ಜೊತೆ ಕಾಲುಚೀಲ. ಹೀಗೆ ಗುಂಜಿ ಗುಂಜಿ ಉಳಿಸಿದ ಜಾಗಕ್ಕೆ ಅಂದಾಜು ಎರಡು ಕಿಲೋ ರೇಡಿಯೋ ಸಂಸಾರ ಬಂದು ಕೂರುತ್ತದೆ: ಐದು ವಾಟಿನ ಸೆಟ್ಟು, ಲಿಥಿಯಂ ಬ್ಯಾಟರಿ, ಹತ್ತು ಮೀಟರ್ ತಂತಿ, ಕೇಬಲ್ಲು, ಮತ್ತು ಮೀನುಗಾರರ ಗಳದಂತೆ ಒಂದರೊಳಗೊಂದು ಸೇರುವ ಆರು ಮೀಟರಿನ ಕೋಲು. ಪೆನ್ನೈನ್ ನೆತ್ತಿಗಳ ಮೇಲೆ ತಂತಿ ಕಟ್ಟಲು ಒಂದು ಮರವಿಲ್ಲ, ಆದ್ದರಿಂದ ಕೋಲು ಬಿಡುವಂತಿಲ್ಲ. ಬಿಡಬಹುದಾದದ್ದು ಊಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಆಂಟೆನಾ.

ಮಿಕ್ಕವರು ಈ ದಾರಿಯನ್ನು 16ರಿಂದ 19 ದಿನಗಳಲ್ಲಿ ಮುಗಿಸುತ್ತಾರೆ, ತಂಗುವ ಊರುಗಳನ್ನು ಹಾಸಿಗೆ ಮತ್ತು ಊಟ ನೋಡಿ ಆರಿಸುತ್ತಾರೆ. ರೇಡಿಯೋ ಚಾರಣಿಗ ಆರಿಸುವುದು ಗೋಡೆಯ ಪ್ಲಗ್ ನೋಡಿ. ಐದು ವಾಟಿನ ಸೆಟ್ಟು ಸುಮ್ಮನೆ ಕೇಳುತ್ತಿದ್ದರೆ ಆಂಪಿಯರಿನ ಆರೇಳನೆಯ ಒಂದು ಭಾಗ, ಮಾತಾಡಿದರೆ ಸುಮಾರು ಒಂದು ಆಂಪಿಯರ್ ಕುಡಿಯುತ್ತದೆ. ಮಾತಾಡಿದರೆ ಖರ್ಚು, ಕೇಳಿದರೆ ಉಳಿತಾಯ; ಮನುಷ್ಯರಿಗೂ ಇದೇ ಏರ್ಪಾಡಿದ್ದರೆ ಚೆನ್ನಾಗಿತ್ತು. ಚೀಲದ ಮೇಲೆ ಸೌರಫಲಕ ಹೊದಿಸಿಕೊಂಡು ಬರುವವರಿದ್ದಾರೆ. ಪೆನ್ನೈನ್ ಮಳೆಯಲ್ಲಿ ಅದು ಒಳ್ಳೆಯ ಛತ್ರಿ. ಬ್ರಿಟನ್ನಿನ ಅತಿ ಎತ್ತರದ ಪಬ್ ಎನಿಸಿದ ಟ್ಯಾನ್ ಹಿಲ್ ಇನ್ 528 ಮೀಟರ್ ಎತ್ತರದಲ್ಲಿದೆ. ಅಲ್ಲಿ ಎಲ್ಲರೂ ಬೆಂಕಿಯ ಪಕ್ಕದ ಕುರ್ಚಿ ಹುಡುಕಿದರೆ, ಒಬ್ಬ ಮಾತ್ರ ಮಂಡಿಯೂರಿ ಮೇಜಿನಡಿ ತಡಕಾಡುತ್ತಿರುತ್ತಾನೆ.

ಮೊದಲ ದಿನದ ಕಿಂಡರ್ ಸ್ಕೌಟ್ (636 ಮೀಟರ್) ದಯಾಳು. ನೆತ್ತಿ ದೋಸೆಕಲ್ಲಿನಂತೆ ಚಪ್ಪಟೆ; ತುದಿ ಯಾವುದೆಂದು ಕೆಸರಿನಲ್ಲಿ ಗೊತ್ತಾಗುವುದೇ ಇಲ್ಲ. ತುದಿಗಿಂತ 25 ಮೀಟರಿನಷ್ಟು ಕೆಳಗಿನವರೆಗೂ ನಿಯಮದ ಪ್ರಕಾರ ಶಿಖರವೇ ಆದ್ದರಿಂದ, ದಾರಿಯಲ್ಲೇ ಸಿಗುವ 633 ಮೀಟರಿನ ಕಿಂಡರ್ ಲೋ ಸಾಕು. ಮುಂದಿನ ಬ್ಲ್ಯಾಕ್ ಹಿಲ್ ಹಾಗಲ್ಲ. ಹಿಂದೆ ಚಾರಣಿಗರನ್ನು ಮೊಣಕಾಲವರೆಗೆ ನುಂಗುತ್ತಿದ್ದ ಈ ಪೀಟ್ ಕೆಸರಿನ ಮೇಲೆ ಈಗ ಮುಚ್ಚಿಹೋದ ಹತ್ತಿಗಿರಣಿಗಳ ಚಪ್ಪಡಿ ಹಾಸಿದೆ. ಕಾಲಿಗೆ ಸುಖ, ಕಿವಿಗಿಲ್ಲ. ಎರಡು ಕಿಲೋಮೀಟರ್ ಆಸುಪಾಸಿನಲ್ಲಿ ಹೋಮ್ ಮಾಸ್ ಪ್ರಸಾರ ಕೇಂದ್ರದ 228 ಮೀಟರ್ ಕಂಬ ನಿಂತಿದೆ; ಕೇಂದ್ರ 1951ರಿಂದ ಪ್ರಸಾರ ಮಾಡುತ್ತಿದೆ. ಅದರ ಎಫ್‌ಎಂ ಶಕ್ತಿ 250 ಕಿಲೋವಾಟ್. ಐದು ವಾಟಿಗೆ ಹೋಲಿಸಿದರೆ ಐವತ್ತು ಸಾವಿರ ಪಟ್ಟು. ಅಂಥ ಗಂಟಲಿನ ಪಕ್ಕ ಅಗ್ಗದ ಕೈಸೆಟ್ಟು ಮದುವೆಮನೆಯ ಬ್ಯಾಂಡಿನ ಮುಂದೆ ಕೂತ ಅಜ್ಜಿಯಂತೆ ಬೆಪ್ಪಾಗುತ್ತದೆ.

ಕ್ರಾಸ್ ಫೆಲ್ ಪೆನ್ನೈನ್‌ಗಳಲ್ಲೇ ಎತ್ತರದ್ದು, 893 ಮೀಟರ್. ಇದರ ಪಡುವಣ ಇಳಿಜಾರಿನಲ್ಲಿ ಬೀಸುವ ಗಾಳಿಗೆ ಹೆಲ್ಮ್ ಎಂಬ ಸ್ವಂತ ಹೆಸರೇ ಇದೆ. ಶಿಖರದಲ್ಲಿ ಗಾಳಿಗೆ ಮರೆಯಾಗಿ ಶಿಲುಬೆಯಾಕಾರದ ಕಲ್ಲುಗೋಡೆ ಕಟ್ಟಿದ್ದಾರೆ. ಕೋಲನ್ನು ಅದಕ್ಕೆ ಆನಿಸಿ, ರಬ್ಬರ್ ಪಟ್ಟಿಯಿಂದ ಬಿಗಿದು, ತಂತಿ ಎಳೆದು, ಮಂಡಿಯ ಮೇಲೆ ಲಾಗ್ ಪುಸ್ತಕ ಬಿಚ್ಚಿದ ಕ್ಷಣಕ್ಕೆ ಕೋಲಿನ ಗೆಣ್ಣುಗಳು ಟಕಟಕನೆ ಒಂದರೊಳಗೊಂದು ಇಳಿದು ಆರು ಮೀಟರ್ ಒಂದು ಮೀಟರಾಗುತ್ತದೆ. ಮತ್ತೆ ಎತ್ತಿ, ತಿರುಚಿ, ನಿಲ್ಲಿಸಬೇಕು. ಬೆರಳುಗಳಿಗೆ ಸ್ಪರ್ಶವಿಲ್ಲ, ಪೆನ್ಸಿಲ್ ಒದ್ದೆ ಹಾಳೆಯಲ್ಲಿ ಗೀರುತ್ತದೆಯೇ ಹೊರತು ಬರೆಯುವುದಿಲ್ಲ. ಇಷ್ಟಾದ ಮೇಲೆ ಕೇಬಲ್ಲಿಗೂ ಸೆಟ್ಟಿಗೂ ನಡುವೆ ಬೇಕಾದ, ಹುಣಿಸೆಬೀಜದಷ್ಟು ದಪ್ಪದ ಹಿತ್ತಾಳೆ ಕನೆಕ್ಟರ್ ಅಡುಗೆಮನೆಯ ತಕ್ಕಡಿಯ ಮೇಲೇ ಉಳಿದಿದೆಯೆಂದು ತಿಳಿಯುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದಕ್ಕೆ ಹ್ಯಾಮ್ ಲೋಕದಲ್ಲಿ ಇದಕ್ಕಿಂತ ಚಿಕ್ಕ ಪೂಜಾರಿಯಿಲ್ಲ.

ಕನೆಕ್ಟರ್ ಇದ್ದವರ ಪಾಡು ಬೇರೆ. ಪಕ್ಕದ ಜಿಲ್ಲೆಯಲ್ಲಿ ಕೂತ ಚೇಸರನಿಗೆ 14 ಮೆಗಾಹರ್ಟ್ಸ್‌ನಲ್ಲಿ ಸಾಮಾನ್ಯವಾಗಿ ಏನೂ ಕೇಳಿಸುವುದಿಲ್ಲ, ಏಕೆಂದರೆ ಮೇಲೆ ಹೋದ ಅಲೆ ಅವನ ತಲೆ ಹಾರಿ ಎಷ್ಟೋ ದೂರದಾಚೆ ಇಳಿಯುತ್ತದೆ. ಸ್ಲೊವೇನಿಯಾದಲ್ಲೊಬ್ಬ “ಫೈವ್ ನೈನ್” (ಚೆನ್ನಾಗಿ ಕೇಳಿಸುತ್ತಿದೆ) ಎನ್ನುತ್ತಾನೆ, ಇಲ್ಲಿಂದಲೂ “ಫೈವ್ ನೈನ್” ಹೋಗುತ್ತದೆ, ಮಾತು ಮುಗಿಯುತ್ತದೆ. ಮೊಬೈಲ್ ಹತ್ತದ ಜಾಗದಲ್ಲಿ ಸಂಪರ್ಕ ಸಾಧಿಸಿದ ಹೆಮ್ಮೆ ಇದು. ಆದರೆ ಇಂಥ ಶಿಖರದಲ್ಲಿ ಇಂಥ ತರಂಗಾಂತರದಲ್ಲಿದ್ದೇನೆ ಎಂದು ಚೇಸರುಗಳಿಗೆ ಸುದ್ದಿ ಮುಟ್ಟಿಸಲು ಬೇಕಾದದ್ದು ಮೊಬೈಲ್ ಸಿಗ್ನಲ್ಲೇ. ಅದಿಲ್ಲದಿದ್ದರೆ ಮೋರ್ಸ್ ಬಲ್ಲವನು ಬಚಾವ್. ‘ಯಾರಾದರೂ ಇದ್ದೀರಾ’ ಎಂಬ ಅವನ ಸಿಕ್ಯೂ ಕರೆಯನ್ನು ಎಲ್ಲೋ ಇರುವ ಯಂತ್ರಗಳು ತಾವೇ ಕೇಳಿಸಿಕೊಂಡು ಡಂಗುರ ಸಾರುತ್ತವೆ. ಬಾಯಿಮಾತಿನವನು ಗಾಳಿಯೊಡನೆ ಮಾತಾಡುತ್ತಾನೆ.

ಸನ್ನಿಧಾನದ ಮೇಲೂ ದೂರಿದೆ. 25ನೆಯ ಸೌರಚಕ್ರ 2024ರ ಅಕ್ಟೋಬರಿನಲ್ಲಿ ತುದಿ ಮುಟ್ಟಿ ಇಳಿಮುಖವಾಗಿದ್ದರೂ, ಸೂರ್ಯ ಒಮ್ಮೆ ಸಿಡುಕಿದರೆ ಬಿಸಿಲಿರುವ ಅರ್ಧ ಭೂಮಿಯ ಮೇಲೆ ಕಚೇರಿ ಮುನ್ಸೂಚನೆಯಿಲ್ಲದೆ ಬಾಗಿಲು ಹಾಕುತ್ತದೆ. ನೋಟೀಸಿಲ್ಲ, ಊಟದ ವೇಳೆಯ ಬೋರ್ಡೂ ಇಲ್ಲ.

ಕೊನೆಯ ಹಂತ ಬರ್ನೆಸ್‌ನಿಂದ ಕರ್ಕ್ ಯೆಟ್‌ಹೋಮ್‌ವರೆಗೆ, ನಲವತ್ತು ಕಿಲೋಮೀಟರಿಗೂ ಮೇಲೆ. ನಡುವೆ ಬೇಲಿಯೊಂದು ತಿರುಗುವ ಮೂಲೆಯಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ಹಳ್ಳಿ ಮತ್ತು ಬಾರ್ಡರ್ ಹೋಟೆಲಿನ ಬಿಯರ್. ಬಲಕ್ಕೆ 815 ಮೀಟರಿನ ಚೆವಿಯಟ್, ಹೋಗಿಬರಲು ಇನ್ನೂ ನಾಲ್ಕು ಕಿಲೋಮೀಟರ್, ಮೇಲೆ ನೋಟವಿಲ್ಲದ ಕೆಸರು. ಬುದ್ಧಿಯಿದ್ದವರು ಎಡಕ್ಕೆ ತಿರುಗುತ್ತಾರೆ. ಬಲಕ್ಕೆ ಹೋಗುವವನ ಪರವಾಗಿ ಕೇಳಿಕೊಳ್ಳುವುದಿಷ್ಟು: ಅಂದು ಮಧ್ಯಾಹ್ನ ಮೂರರಿಂದ ಮೂರೂವರೆಯವರೆಗೆ ಬಾಗಿಲು ತೆರೆದಿರಲಿ. ನಾಲ್ಕು ಜನ ಸಾಕು. ನಾಲ್ಕನೆಯವನು ಮತ್ತೆ ಸ್ಲೊವೇನಿಯಾದವನೇ ಆದರೂ ತಕರಾರಿಲ್ಲ.

ಲಗತ್ತು: ಹಲ್ಲುಜ್ಜುವ ಬ್ರಷ್ಷಿನ ಕೊಯ್ದ ಹಿಡಿ, ಒಂದು.