ಗುಂಗುರು ಮಾದರಿ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ತಾವೀಗ ಒಂದು ಪೂಡಲ್ ಬೆರಕೆ ನಾಯಿಯ ಯಜಮಾನರು. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ, ಮುಂದಿನ ಉಪಯೋಗಕ್ಕಾಗಿ ಎತ್ತಿಡಿ. ಎತ್ತಿಡುವುದೆಂದರೆ ನಿಜವಾಗಿಯೂ ಎತ್ತರದಲ್ಲಿಡುವುದು. ಹಿಂದಿನ ಪ್ರತಿಗಳನ್ನು ಉತ್ಪನ್ನವೇ ತಿಂದುಹಾಕಿದ ವರದಿಗಳಿವೆ.

ಈ ಆವೃತ್ತಿ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆಂದು ಸಿದ್ಧವಾದದ್ದು. ಅಲ್ಲಿ ಎಲ್ಲ ಪಾರ್ಕುಗಳಲ್ಲೂ ಎದುರಾಗುವ ಮಾದರಿ ಕಾಕಪೂ, ಅಂದರೆ ಕಾಕರ್ ಸ್ಪೇನಿಯಲ್ ಮತ್ತು ಪೂಡಲ್ ಸೇರಿ ಆದದ್ದು. ಕ್ಯಾವಪೂ, ಲ್ಯಾಬ್ರಡೂಡಲ್ ಅದರ ದಾಯಾದಿಗಳು. ಹಣ ಕೊಟ್ಟು ತರುವವರು ಮಕ್ಕಳ ಕಾಟ ತಾಳಲಾರದ ಅಪ್ಪ ಅಮ್ಮ. ನಿಜವಾಗಿ ನಡೆಸುವವರು ಮಾತ್ರ ಆರು ತಿಂಗಳ ವೀಸಾದ ಮೇಲೆ ಶಿವಮೊಗ್ಗದಿಂದಲೋ ದಾವಣಗೆರೆಯಿಂದಲೋ ಬಂದಿಳಿದ ಅಜ್ಜಿ, ತಾತ. ಮಗ ಸೊಸೆ ಆಫೀಸಿಗೆ, ಮೊಮ್ಮಕ್ಕಳು ಶಾಲೆಗೆ. ಮನೆಯಲ್ಲಿ ಉಳಿಯುವುದು ಇವರಿಬ್ಬರು ಮತ್ತು ಅದು. ಆದ್ದರಿಂದ ಕೈಪಿಡಿ ಈ ಹಿರಿಯರೊಂದಿಗೇ ಮಾತಾಡುತ್ತದೆ. ಖರೀದಿ ಮಾಡಿದವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಬಹುದು.

ಮಾದರಿ ಬಂದ ದಾರಿ

ಕಾಕಪೂ ಹಳೆಯದು, ಅಮೆರಿಕದಲ್ಲಿ ಇಪ್ಪತ್ತನೇ ಶತಮಾನದ ನಡುಭಾಗದಲ್ಲೇ ಇತ್ತು. ಆದರೆ ಇಂದಿನ ಈ ಹುಚ್ಚಿಗೆ ಕಿಡಿ ಹೊತ್ತಿಸಿದ್ದು ಆಸ್ಟ್ರೇಲಿಯ. 1980ರ ದಶಕದಲ್ಲಿ ಅಲ್ಲಿನ ರಾಯಲ್ ಗೈಡ್ ಡಾಗ್ ಸಂಸ್ಥೆಗೆ ಹವಾಯಿಯಿಂದ ಕೋರಿಕೆಯೊಂದು ಬಂತು. ದೃಷ್ಟಿಯಿಲ್ಲದ ಮಹಿಳೆಗೆ ದಾರಿ ತೋರುವ ನಾಯಿ ಬೇಕು, ಆದರೆ ಆಕೆಯ ಗಂಡನಿಗೆ ನಾಯಿಯ ಕೂದಲೆಂದರೆ ಅಲರ್ಜಿ. ಸಂಸ್ಥೆಯ ತಳಿ ವಿಭಾಗ ನೋಡಿಕೊಳ್ಳುತ್ತಿದ್ದ ವಾಲಿ ಕಾನ್ರನ್ ಮೊದಲು ಅಪ್ಪಟ ಪೂಡಲ್‌ಗಳನ್ನೇ ಪಳಗಿಸಲು ನೋಡಿದರು. ಅವರೇ ಹೇಳಿಕೊಂಡಂತೆ ಮೂರು ವರ್ಷದಲ್ಲಿ 33 ಪೂಡಲ್‌ಗಳು ಬಂದು ಹೋದವು, ಒಂದೂ ಆ ಕೆಲಸಕ್ಕೆ ಒದಗಲಿಲ್ಲ. ಕೊನೆಗೆ ಲ್ಯಾಬ್ರಡಾರ್ ಜೊತೆ ಕೂಡಿಸಿದರು. ಮೂರು ಮರಿ ಹುಟ್ಟಿದವು. ಅವುಗಳ ಕೂದಲು, ಜೊಲ್ಲಿನ ಮಾದರಿ ವಿಮಾನದಲ್ಲಿ ಹವಾಯಿಗೆ ಹೋಯಿತು. ಒಂದು ಮರಿಯದು ಮಾತ್ರ ಆ ಗಂಡನಿಗೆ ಒಗ್ಗಿತು. ಅದರ ಹೆಸರು ಸುಲ್ತಾನ್.

ಗಮನಿಸಿ: ಮೂರರಲ್ಲಿ ಒಂದು. ಹೆಸರಾಂತ ಸಂಸ್ಥೆ ಪರೀಕ್ಷೆ ಮಾಡಿ, ಕಾದು, ಆರಿಸಿದ ಮೇಲೂ ಇಷ್ಟೇ.

ಉಳಿದೆರಡನ್ನು ಯಾರೂ ಕೇಳಲಿಲ್ಲ. ಸರದಿಯಲ್ಲಿ ಕಾದಿದ್ದವರಿಗೆ ಬೆರಕೆ ನಾಯಿ ಬೇಡವಾಗಿತ್ತು. ಆಗ ಕಾನ್ರನ್ ಇವು ಬೆರಕೆಯಲ್ಲ, ಲ್ಯಾಬ್ರಡೂಡಲ್ ಎಂದು ಪ್ರಚಾರ ವಿಭಾಗದ ಮೂಲಕ ಸುದ್ದಿ ಹಬ್ಬಿಸಿದರು. ಹೊಸ ಹೆಸರು ಕಿವಿಗೆ ಬಿದ್ದದ್ದೇ ತಡ, ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ನಾಯಿ ಅದೇ, ಕೂದಲು ಅದೇ. 2019ರಲ್ಲಿ ಆಸ್ಟ್ರೇಲಿಯದ ಬಾನುಲಿಯ ಮುಂದೆ ಕೂತ ಈ ಮುದುಕರು, ಹಿಂದುಮುಂದು ನೋಡದೆ ಸಿಕ್ಕಿದ್ದಕ್ಕೆಲ್ಲ ಪೂಡಲ್ ಕೂಡಿಸಿ ಮಾರುವವರನ್ನು ನೆನೆದು, ತಾನು ಈ ಕೆಲಸಕ್ಕೆ ಕೈಹಾಕಬಾರದಿತ್ತು ಎಂದು ಬೇಸರಪಟ್ಟರು. ತಾವೇ ತಯಾರಿಸಿದ ಮಾಲಿನ ಬಗ್ಗೆ ಇಂಥ ಮಾತಾಡಿದವರು ಮಿಕ್ಸಿ ಕಂಪನಿಗಳಲ್ಲಿ ಒಬ್ಬರೂ ಸಿಗಲಾರರು.

ಪೆಟ್ಟಿಗೆಯೊಳಗೆ ಏನಿದೆ

ಎರಡು ಬೇಟೆನಾಯಿಗಳಿವೆ. ಪೂಡಲ್ ಎಂದರೆ ಸೋಫಾದ ಮೇಲಿನ ಶೋಕಿ ಎಂದುಕೊಂಡವರಿಗೆ ಇದನ್ನು ನಂಬುವುದು ಕಷ್ಟ. ಜರ್ಮನಿಯ ಕಡೆ ಅದರ ಕಸುಬು ನೀರಿಗೆ ಹಾರಿ, ಗುಂಡು ತಗುಲಿದ ಬಾತುಕೋಳಿಯನ್ನು ಕಚ್ಚಿ ತರುವುದು. ಈಜಲು ಹಗುರಾಗಲೆಂದು ಮೈಕೂದಲನ್ನು ಕತ್ತರಿಸಿ, ಎದೆ ಮತ್ತು ಕೀಲುಗಳಿಗೆ ಚಳಿ ತಾಗದಿರಲೆಂದು ಅಲ್ಲಲ್ಲಿ ಮಾತ್ರ ಉಳಿಸುತ್ತಿದ್ದರು. ಆ ವಿಚಿತ್ರ ಕಟಿಂಗಿನ ಮೂಲ ಅದು. ಸರ್ಕಸ್ಸಿನಲ್ಲೂ ದುಡಿದ ಜಾತಿ. ಒಮ್ಮೆ ನೋಡಿದರೆ ಸಾಕು, ಕಲಿತುಬಿಡುತ್ತದೆ. ಫ್ರಿಜ್ಜಿನ ಬಾಗಿಲು ತೆರೆಯುವುದೂ ಅದರಲ್ಲಿ ಸೇರಿದೆ. ಇನ್ನು ಕಾಕರ್ ಸ್ಪೇನಿಯಲ್‌ನ ಕಸುಬು ಮೂಗು ನೆಲಕ್ಕೆ ಹಚ್ಚಿ ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸುವುದು. ಇವೆರಡನ್ನೂ ಒಂದೇ ತೊಗಲಿನೊಳಗೆ ತುಂಬಿ, ಮೂರು ಬೆಡ್‌ರೂಮಿನ ಮನೆಯಲ್ಲಿಟ್ಟು, ಸುಮ್ಮನೆ ಕೂರು ಎಂದರೆ ಕೂರುವುದೆಂತು?

ಮಾರುವವರು ಎಫ್1, ಎಫ್1ಬಿ ಎಂದೆಲ್ಲ ಹೇಳಿರುತ್ತಾರೆ. ಎಫ್1 ಎಂದರೆ ಅಪ್ಪ ಒಂದು ಜಾತಿ, ಅಮ್ಮ ಇನ್ನೊಂದು. ಅದನ್ನು ಮತ್ತೆ ಪೂಡಲ್‌ಗೇ ಕೂಡಿಸಿದರೆ ಎಫ್1ಬಿ. ಯಂತ್ರದ ಮಾಡೆಲ್ ನಂಬರಿನ ಹಾಗೆ ಕೇಳಿಸಿದರೂ ಇದು ಲೆಕ್ಕವೇ ಹೊರತು ಗ್ಯಾರಂಟಿಯಲ್ಲ. 2009ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟಂತೆ ನಾಯಿಗಳ ಕೂದಲ ವೈವಿಧ್ಯ ಬಹುಮಟ್ಟಿಗೆ ಮೂರೇ ವಂಶವಾಹಿಗಳ ಆಟ: ಒಂದು ಉದ್ದಕ್ಕೆ, ಒಂದು ಗುಂಗುರಿಗೆ, ಇನ್ನೊಂದು ಮೀಸೆ ಹುಬ್ಬುಗಳಿಗೆ. ಯಾವ ಮರಿಗೆ ಯಾವ ಎಲೆ ಬೀಳುತ್ತದೋ ಹೇಳಲಾಗದು. ಎಫ್1 ನಾಯಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ, ಮೀಸೆಯೇ ಇಲ್ಲದ, ಮನೆತುಂಬ ಕೂದಲು ಉದುರಿಸುವ ಮರಿ ನಾಲ್ಕರಲ್ಲಿ ಒಂದರಂತೆ ಹುಟ್ಟುವ ಸಂಭವವುಂಟು. ಒಂದೇ ಸೂಲಿನ ಮರಿಗಳು ನೋಡಲೂ ನಡೆಯಲೂ ಬೇರೆಬೇರೆ. ಆದ್ದರಿಂದ ಪಕ್ಕದ ಮನೆಯವರ ಕಾಕಪೂ ನೋಡಿ ನಿಮ್ಮದನ್ನು ಅಳೆಯಬೇಡಿ. ಕೈಪಿಡಿ ಬರೆಯುವವರಿಗೂ ಇದೇ ತೊಂದರೆ: ಈ ಕಾರ್ಖಾನೆಯಿಂದ ಒಂದರಂತೆ ಇನ್ನೊಂದು ಹೊರಬರುವುದಿಲ್ಲ.

ಎಚ್ಚರಿಕೆ: ಸೀನು

ಅಲರ್ಜಿ ಆಗುವುದೇ ಇಲ್ಲ ಎಂದು ಯಾರಾದರೂ ಹೇಳಿದ್ದರೆ ಅವರು ಮಾರಾಟಗಾರರು. ಸೀನು ತರಿಸುವುದು ಕೂದಲಲ್ಲ. ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುವ ಪ್ರೋಟೀನುಗಳು. ಮುಖ್ಯವಾದದ್ದಕ್ಕೆ ಕ್ಯಾನ್ ಎಫ್ 1 ಎಂದು ಹೆಸರು. ಜೊಲ್ಲಿಲ್ಲದ ನಾಯಿಯನ್ನು ಬ್ರಹ್ಮ ಇನ್ನೂ ಸೃಷ್ಟಿಸಿಲ್ಲ. ನೆದರ್ಲೆಂಡ್ಸಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲರ್ಜಿರಹಿತ ಎನಿಸಿಕೊಂಡ ತಳಿಗಳ ಕೂದಲನ್ನು ಪರೀಕ್ಷಿಸಿತು. ಅವುಗಳಲ್ಲಿ ಈ ಪ್ರೋಟೀನು ಕಡಿಮೆ ಇರುವುದಿರಲಿ, ಉಳಿದವುಗಳಿಗಿಂತ ಹೆಚ್ಚೇ ಇತ್ತು. ಉಬ್ಬಸದ ತಾತ ಮನೆಯಲ್ಲಿದ್ದರೆ, ಆ ತಳಿ ಹೇಗೆ ಎಂದು ಕೇಳಿ ಪ್ರಯೋಜನವಿಲ್ಲ. ತರಬೇಕೆಂದಿರುವ ಆ ಒಂದು ನಾಯಿಯ ಜೊತೆಯೇ ಮೊದಲು ಕೆಲವು ಸಲ ಗಂಟೆಗಟ್ಟಲೆ ಕೂತು ನೋಡಬೇಕು.

ಕೂದಲು: ನಿತ್ಯ ನಿರ್ವಹಣೆ

ಈ ಅಧ್ಯಾಯವನ್ನು ಎರಡು ಸಲ ಓದಿ. ಮನೆಯಲ್ಲಿ ಕೂದಲು ಬೀಳುವುದಿಲ್ಲ ಎಂಬ ಆಸೆಗೆ ಕೊಂಡವರು, ಬೀಳದ ಕೂದಲು ಎಲ್ಲಿ ಹೋಗುತ್ತದೆ ಎಂದು ಕೇಳಿರುವುದಿಲ್ಲ. ಅದು ಅಲ್ಲೇ ಇರುತ್ತದೆ. ಉದುರಿದ ಎಳೆ ಗುಂಗುರಿನೊಳಗೆ ಸಿಕ್ಕಿಕೊಂಡು, ಪಕ್ಕದ ಎಳೆಯನ್ನೂ ಸುತ್ತಿ, ಮಳೆಯಲ್ಲಿ ತೊಯ್ದು ಒಣಗಿ, ಚರ್ಮಕ್ಕಂಟಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಮೇಲೆ ಸವರಿದರೆ ನುಣುಪಾಗಿಯೇ ಇರುತ್ತದೆ. ಕೆಳಗೆ ಚರ್ಮ ಎಳೆದು ನೋಯುತ್ತಿರುತ್ತದೆ.

ಅಜ್ಜಿಯಂದಿರೇ, ಇಲ್ಲಿ ನಿಮ್ಮ ಹೊರತು ಗತಿಯಿಲ್ಲ. ಹೆಣ್ಣುಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಹೆರಳು ಹಾಕಿ ಶಾಲೆಗೆ ಕಳಿಸಿದ ಕೈಗೆ ಇದನ್ನು ಕಲಿಸಬೇಕಾಗಿಲ್ಲ. (ಎಣ್ಣೆ ಮಾತ್ರ ಬೇಡ.) ಬಾಗಿದ ಸಣ್ಣ ತಂತಿಗಳ ಬ್ರಷ್ಷು ಒಂದು, ಉಕ್ಕಿನ ಬಾಚಣಿಗೆ ಒಂದು. ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆತ್ತಿ ಹಿಡಿದು, ಚರ್ಮ ಕಾಣುವ ಬೈತಲೆ ತೆಗೆದು, ಬುಡದಿಂದ ತುದಿಗೆ ಸಾಲುಸಾಲಾಗಿ ಬಾಚುತ್ತ ಬನ್ನಿ. ಕೊನೆಯಲ್ಲಿ ಬಾಚಣಿಗೆ ಎಲ್ಲೂ ತಡೆಯದೆ ಹಾಯಬೇಕು. ಸಿಕ್ಕು ಕಟ್ಟುವ ಜಾಗಗಳೆಂದರೆ ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ, ತೊಡೆಸಂದಿನಲ್ಲಿ. ಕುಂಡೆಯ ಸುತ್ತ ನೋಡುವುದನ್ನು ಮಗನಿಗೆ ಬಿಡಿ, ಅವನದೇ ನಾಯಿ.

ಸ್ನಾನಕ್ಕೆ ಮುಂಚೆ ಬಾಚಬೇಕು. ನೀರು ಬಿದ್ದ ಸಿಕ್ಕು ಇನ್ನಷ್ಟು ಬಿಗಿಯುತ್ತದೆ. ಎಂಟು ತಿಂಗಳಿಂದ ವರ್ಷದೊಳಗೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುವಾಗ, ನಿನ್ನೆ ಬಾಚಿದ್ದು ಇವತ್ತು ಗಂಟಾಗಿರುತ್ತದೆ. ಹೆದರಬೇಡಿ, ಬಿಡಲೂ ಬೇಡಿ. ಆರೆಂಟು ವಾರಕ್ಕೊಮ್ಮೆ ಗ್ರೂಮರ್ ಹತ್ತಿರ ಕರೆದೊಯ್ಯಬೇಕು. ಅಲ್ಲಿ ಕೊಡುವ ದುಡ್ಡನ್ನು ಮನಸ್ಸಿನಲ್ಲಿ ರೂಪಾಯಿಗೆ ತಿರುಗಿಸಿಕೊಳ್ಳಬೇಡಿ. ತಾತನ ಒಂದು ವರ್ಷದ ಕ್ಷೌರದ ಖರ್ಚು ನೆನಪಾಗಿ ರಕ್ತದೊತ್ತಡ ಏರುತ್ತದೆ. ಮೂರು ತಿಂಗಳು ಬಾಚದೆ ಕರೆದೊಯ್ದು, ಬೊಂಬೆಯ ಹಾಗೆ ಕತ್ತರಿಸಿ ಕೊಡಿ ಎಂದರೆ, ಬೋಳಿಸಿದ ನಾಯಿಯನ್ನು ಕೈಗೆ ಕೊಡುತ್ತಾರೆ. ಜಗಳ ಆಡಬೇಡಿ. ಅವರು ಮಾಡಿದ್ದೇ ಸರಿ.

ಜೋತುಬಿದ್ದ ಕಿವಿಯೊಳಗೆ ಕೂದಲು, ಅದರ ಮೇಲೆ ಇಂಗ್ಲೆಂಡಿನ ತೇವ. ವಾಸನೆ ಬಂದರೆ, ತಲೆ ಕೊಡವುತ್ತಿದ್ದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡದೆ ಡಾಕ್ಟರಿಗೆ ತೋರಿಸಿ.

ಇಂಧನ

"ಅತ್ತೆ, ಅದಕ್ಕೆ ಏನೂ ಕೊಡಬೇಡಿ ಅಂತ ಹೇಳಿದ್ನಲ್ಲ?"

"ನಾನೆಲ್ಲಿ ಕೊಟ್ಟೆನಮ್ಮ? ಕೈಯಲ್ಲಿ ಇಟ್ಕೊಂಡಿದ್ದೆ, ಅದೇ ತಗೊಳ್ತು."

ಈ ಸಂಭಾಷಣೆ ನಡೆಯದ ಮನೆಯಿಲ್ಲ. ಆದ್ದರಿಂದ ಕೊಡಬೇಡಿ ಎನ್ನುವ ಬದಲು ಯಾವುದು ವಿಷ ಎಂದು ಹೇಳುವುದು ಮೇಲು. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು, ಹಸಿದ್ರಾಕ್ಷಿಯೂ ಅಷ್ಟೆ. ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದರೂ ರಕ್ತಕಣಗಳಿಗೆ ಹಾನಿ, ಅಂದಮೇಲೆ ಈರುಳ್ಳಿ ಹುಳಿ ಕಲಸಿದ ಅನ್ನ ಪ್ರೀತಿಯಲ್ಲ. ಚಾಕೊಲೇಟು ಬೇಡವೇ ಬೇಡ. ಎಲ್ಲಕ್ಕಿಂತ ಅಪಾಯದ್ದು ತಾತನ ಕೋಟಿನ ಜೇಬಿನಲ್ಲಿದೆ: ಸಕ್ಕರೆರಹಿತ ಚೂಯಿಂಗ್ ಗಮ್. ಅದರಲ್ಲಿ ಜೈಲಿಟಾಲ್ ಇದ್ದರೆ ನಾಯಿಯ ರಕ್ತದ ಸಕ್ಕರೆ ಸರ್ರನೆ ಕುಸಿಯುತ್ತದೆ. ಮಧುಮೇಹಿಗೆ ಹಿತವಾದದ್ದು ಅದಕ್ಕೆ ಮೃತ್ಯು. ಒಗ್ಗರಣೆ ಉಪ್ಪು ಹಾಕದ ಮೊಸರನ್ನದ ಒಂದು ತುತ್ತು ಬಹುಪಾಲು ನಾಯಿಗಳಿಗೆ ಒಗ್ಗುತ್ತದೆ. ಒಂದು ತುತ್ತು ಎಂಬುದನ್ನು ಅಜ್ಜಿಯ ಅಳತೆಯಲ್ಲಿ ಲೆಕ್ಕ ಹಾಕಬಾರದು.

ಸದ್ದು ಮತ್ತು ಕಂಪನ

ಸಂಸಾರಕ್ಕೆ ಹೇಳಿ ಮಾಡಿಸಿದ ಶಾಂತ ನಾಯಿ ಎಂದು ನಂಬಿ ತಂದವರಿಗೆ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಒಂದು ಸುದ್ದಿ ಕೊಟ್ಟರು. ಯಜಮಾನರ ಉತ್ತರಗಳ ಆಧಾರದ ಮೇಲೆ 9,402 ನಾಯಿಗಳ ನಡತೆ ಹೋಲಿಸಿದಾಗ, ಕಾಕಪೂ ತನ್ನ ತಂದೆತಾಯಿ ತಳಿಗಳಿಗಿಂತ 24 ಹೋಲಿಕೆಗಳಲ್ಲಿ 16ರಲ್ಲಿ ಹೆಚ್ಚು ತಂಟೆಯದೆಂದು ಕಂಡಿತು. ಲ್ಯಾಬ್ರಡೂಡಲ್‌ನದು ಸಮಸಮ: ಐದರಲ್ಲಿ ಕೆಟ್ಟದ್ದು, ಆರರಲ್ಲಿ ಒಳ್ಳೆಯದು. ತಳಿಯ ದೋಷವೆನ್ನುವುದಕ್ಕಿಂತ, ಬೊಂಬೆ ಎಂದು ತಂದು ಬೊಂಬೆಯಂತೆ ಕೂರಿಸಿದ್ದರ ಫಲ ಇರಬಹುದೆಂದು ಈ ಕೈಪಿಡಿಯ ಗುಮಾನಿ. ಮೂಗಿಗೆ ಕೆಲಸ ಕೊಡಿ. ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಅದರ ತಿಂಡಿಯನ್ನೇ ಬಚ್ಚಿಟ್ಟು ಹುಡುಕಿಸಿದರೆ, ಸೊಸೆಯ ಆನ್‌ಲೈನ್ ಮೀಟಿಂಗು ಅರ್ಧ ಗಂಟೆ ಶಾಂತವಾಗಿ ನಡೆಯುತ್ತದೆ.

ಮನೆಗೆ ಬಂದ ನೆಂಟರ ಮೇಲೆ ಹಾರಿದರೆ "ಏನೂ ಮಾಡಲ್ಲ, ಬನ್ನಿ" ಎನ್ನಬೇಡಿ. ಊರಿನಲ್ಲಿ ಬೀದಿನಾಯಿ ಅಟ್ಟಿಸಿಕೊಂಡು ಬಂದ ನೆನಪುಳ್ಳವರಿಗೆ ಅದರಿಂದ ಧೈರ್ಯ ಬರುವುದಿಲ್ಲ. ಪಟ್ಟಿ ಹಾಕಿ ಪಕ್ಕಕ್ಕೆ ಹಿಡಿದುಕೊಳ್ಳಿ. ದೇವರ ಮನೆಯ ಬಾಗಿಲಿಗೆ ಮಗುವಿನ ಗೇಟು ಸಾಕು. ಮಡಿಯ ಪ್ರಶ್ನೆಯನ್ನು ಆಯಾ ಮನೆಯವರೇ ತೀರ್ಮಾನಿಸಿಕೊಳ್ಳಬೇಕು, ಬಹುತೇಕ ಕಡೆ ಎರಡನೇ ತಿಂಗಳಲ್ಲಿ ಅಜ್ಜಿಯೇ ವಿನಾಯಿತಿ ಕೊಟ್ಟಿರುತ್ತಾರೆ.

ದೀಪಾವಳಿಯೂ ನವೆಂಬರ್ 5ರ ಬಾನ್‌ಫೈರ್ ರಾತ್ರಿಯೂ ಅಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಆ ದಿನಗಳಲ್ಲಿ ಬೆಳಕಿರುವಾಗಲೇ ಅಡ್ಡಾಡಿಸಿ, ಪರದೆ ಎಳೆದು, ಟಿವಿಯ ಸದ್ದು ಏರಿಸಿ. ತಾತನ ಕನ್ನಡ ಧಾರಾವಾಹಿಗೆ ಮನೆಯಲ್ಲಿ ಯಾರೂ ತಕರಾರು ತೆಗೆಯದ ದಿನಗಳು ಅವು.

ವಾರಂಟಿ

ಬೆರಕೆಯಾದ್ದರಿಂದ ರೋಗವೇ ಬರುವುದಿಲ್ಲ ಎಂಬ ಮಾತಿಗೆ ವಾರಂಟಿ ಅನ್ವಯಿಸುವುದಿಲ್ಲ. ಅದೇ ವೆಟರ್ನರಿ ಕಾಲೇಜಿನವರು 2024ರಲ್ಲಿ 57 ಸಾಮಾನ್ಯ ಕಾಯಿಲೆಗಳನ್ನು ಹಿಡಿದು ನೋಡಿದರು. ಶೇ. 86.6ರಷ್ಟು ಹೋಲಿಕೆಗಳಲ್ಲಿ ಬೆರಕೆಗೂ ಮೂಲ ತಳಿಗೂ ವ್ಯತ್ಯಾಸವೇ ಇರಲಿಲ್ಲ. ಕಣ್ಣಿನ ರೆಟಿನಾ ಸವೆದು ಕುರುಡು ತರುವ ಪಿಆರ್‌ಎ ಎಂಬ ಆನುವಂಶಿಕ ರೋಗ ಪೂಡಲ್ಲಿನಲ್ಲೂ ಇದೆ, ಕಾಕರ್‌ನಲ್ಲೂ ಇದೆ. ಎರಡೂ ಕಡೆಯಿಂದ ಬಂದರೆ ಬೆರಕೆ ಕಾಪಾಡದು. ಅಪ್ಪ ಅಮ್ಮ ಎರಡರ ಪರೀಕ್ಷೆಯ ಕಾಗದವನ್ನೂ ಕೇಳಿ ಪಡೆಯಿರಿ. ಮರಿಯನ್ನು ಅದರ ತಾಯಿಯ ಜೊತೆಯೇ ನೋಡಬೇಕು. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಆರು ತಿಂಗಳೊಳಗಿನ ಮರಿಯನ್ನು ನಡುವಿನ ದಲ್ಲಾಳಿ ಮಾರುವಂತಿಲ್ಲ. ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿಯಿಂದ ಮರಿ ತೆಗೆದುಕೊಟ್ಟರೆ ಅಲ್ಲಿಂದಲೇ ವಾಪಸು ಬನ್ನಿ, ಮೊಮ್ಮಗಳು ಎಷ್ಟೇ ಅತ್ತರೂ.

ವಿಮೆ ಮೊದಲ ದಿನವೇ ಮಾಡಿಸಿ. ಈಗಾಗಲೇ ಇರುವ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ಬಾತುಕೋಳಿ ಕಚ್ಚಿ ತರುವ ವಂಶದ ಬಾಯಿ ಮನೆಯಲ್ಲಿ ಬಾತುಕೋಳಿ ಸಿಗದಿದ್ದರೆ ಕಾಲುಚೀಲ ಹಿಡಿಯುತ್ತದೆ, ಕಿತ್ತುಕೊಳ್ಳಲು ಅಟ್ಟಿಸಿಕೊಂಡು ಹೋದರೆ ನುಂಗಿಬಿಡುತ್ತದೆ. ನುಂಗಿದರೆ ಕಾಯದೆ ಆಸ್ಪತ್ರೆಗೆ ಹೊರಡಿ. ಹೋಗುವಾಗ ಉಳಿದ ಇನ್ನೊಂದು ಕಾಲುಚೀಲವನ್ನು ಚೀಲದಲ್ಲಿ ಹಾಕಿಕೊಳ್ಳಿ: ಎಷ್ಟು ದೊಡ್ಡದಿತ್ತು ಎಂದು ಡಾಕ್ಟರು ಕೇಳೇ ಕೇಳುತ್ತಾರೆ.