ಹಳೇ ಡ್ಯೂಕನ ಬಳಕೆ ಮತ್ತು ನಿರ್ವಹಣೆ

ಈ ಸಾಮಾನನ್ನು ಹೊಸದಾಗಿ ಕೊಳ್ಳಬೇಡಿ. ಹೊಸ ಪ್ರತಿ ತಂದು ಓದಿ ಬೇಸರವಾದರೆ ಈ ಕೈಪಿಡಿ ಹೊಣೆಯಲ್ಲ.

ಸಾಮಾನು ಯಾವುದೆಂದರೆ ರೀಜೆನ್ಸಿ ರೊಮ್ಯಾನ್ಸ್. ಮೂರನೇ ಜಾರ್ಜ್ ದೊರೆಗೆ ಬುದ್ಧಿ ಕೆಟ್ಟು, ಅವನ ಮಗ 1811ರಿಂದ 1820ರವರೆಗೆ ರೀಜೆಂಟ್ ಆಗಿ ಇಂಗ್ಲೆಂಡನ್ನು ಆಳಿದ. ಆ ಒಂಬತ್ತು ವರ್ಷಗಳಲ್ಲಿ ನಡೆಯುವ ಪ್ರೇಮಕಥೆಗಳಿವು. ಒಬ್ಬ ಸೊಕ್ಕಿನ ಶ್ರೀಮಂತ, ಅವನಿಗೆ ಎದುರುತ್ತರ ಕೊಡುವ ಹುಡುಗಿ, ಮುನ್ನೂರು ಪುಟ, ಒಂದು ಮದುವೆ. ರಾಜಮನೆತನದವರನ್ನು ಬಿಟ್ಟರೆ ಆಗ ನಿಜವಾಗಿ ಇದ್ದ ಡ್ಯೂಕರು ಮೂವತ್ತರ ಆಸುಪಾಸು. ಅವರಲ್ಲೂ ಮದುವೆಯಾದವರನ್ನು, ಮುದುಕರನ್ನು, ಹಲ್ಲಿಲ್ಲದವರನ್ನು ಕಳೆದರೆ ಉಳಿಯುವವರು ಬೆರಳೆಣಿಕೆ. ಕಾದಂಬರಿಗಳಲ್ಲಿ ಮಾತ್ರ ಮೂವತ್ತರ ಪ್ರಾಯದ, ಅಗಲ ಭುಜದ, ಅವಿವಾಹಿತ ಡ್ಯೂಕರು ಒಂದು ಪಟಾಲಮ್ ಕಟ್ಟುವಷ್ಟಿದ್ದಾರೆ. ಈ ಲೆಕ್ಕ ಕೇಳುವವರು ಇಲ್ಲಿಗೇ ಓದು ನಿಲ್ಲಿಸಿ, ಪುಸ್ತಕವನ್ನು ಪಕ್ಕದವರಿಗೆ ಕೊಡುವುದು.

ಹಳೇ ಪ್ರತಿಯೇ ಏಕೆ ಎಂಬುದಕ್ಕೆ ಕಾರಣ ಆ ಕಾಲದಲ್ಲೇ ಇದೆ. 1813ರಲ್ಲಿ ಜೇನ್ ಆಸ್ಟೆನ್‌ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಮೂರು ಸಂಪುಟಗಳಲ್ಲಿ ಬಂದಾಗ ಬೆಲೆ 18 ಶಿಲಿಂಗ್. ಸಾಮಾನ್ಯರು ಕೈಯಿಟ್ಟು ಕೊಳ್ಳುವ ಮಾತಲ್ಲ. ಹೆಚ್ಚಿನವರು ಓದಿದ್ದು ಚಂದಾ ಕಟ್ಟಿದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು. ಮೂರು ಸಂಪುಟವೆಂದರೆ ಒಂದೇ ಕಾದಂಬರಿಯನ್ನು ಮೂವರು ಒಮ್ಮೆಗೇ ಓದಬಹುದು. ಒಬ್ಬಳಿಗೆ ಜಗಳ, ಇನ್ನೊಬ್ಬಳಿಗೆ ರಾಜಿ. ಮೊದಲ ಸಂಪುಟಕ್ಕೆ ಕಾಯುತ್ತಿರುವವಳ ಪಾಡು ಬೇಡ. ಇನ್ನೊಬ್ಬರ ಕೈ ಸೋಕಿ ಬರುವುದೇ ಈ ಬಗೆಯ ಪುಸ್ತಕದ ಹುಟ್ಟುಗುಣ.

ಅಂಗಡಿಯಲ್ಲಿ ತಪಾಸಣೆ

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಮಹಡಿಯಾಗಲಿ, ಬ್ರಿಟನ್ನಿನ ದತ್ತಿಸಂಸ್ಥೆ ಆಕ್ಸ್‌ಫಾಮ್‌ನ ಅಂಗಡಿಯಾಗಲಿ, 1977ರಲ್ಲಿ ಒಬ್ಬ ಹಳೇ ಪುಸ್ತಕದ ವ್ಯಾಪಾರಿ ತನ್ನನ್ನು ತಾನೇ ರಾಜನೆಂದು ಸಾರಿಕೊಂಡ ಹೇ-ಆನ್-ವೈ ಎಂಬ ವೇಲ್ಸ್‌ನ ಊರಾಗಲಿ, ತಪಾಸಣೆಯ ಕ್ರಮ ಒಂದೇ.

ಮೊದಲು ದಪ್ಪ ನೋಡಿ. ಇನ್ನೂರು ಚಿಲ್ಲರೆ ಪುಟದ ತೆಳ್ಳನೆಯ ಪೇಪರ್‌ಬ್ಯಾಕ್ ಆದರೆ ಮುತ್ತು ಬರುವುದು ಕೊನೆಯ ಪುಟಕ್ಕೆ, ಅದೂ ಅನುಮತಿ ಕೇಳಿಕೊಂಡು. ನಾನೂರರ ಮೇಲಿದ್ದರೆ ಮಲಗುವ ಕೋಣೆಯ ಬಾಗಿಲು ತೆರೆದಿದೆ ಎಂದು ತಿಳಿಯಿರಿ. ಮನೆಯಲ್ಲಿ ಹಿರಿಯರು ಕನ್ನಡಕ ಹಾಕಿಕೊಂಡು ಸಿಕ್ಕಿದ್ದನ್ನೆಲ್ಲ ತಿರುವುವ ಅಭ್ಯಾಸದವರಾದರೆ ಈ ಅಳತೆ ಮುಖ್ಯ. ಮುಖಪುಟದ ಮೇಲೆ ಬರೀ ಹೂವು, ಬೀಸಣಿಗೆ ಇದ್ದರೆ ನಂಬಿ ಕೂರಬೇಡಿ. ಕೆಲವುಗಳಲ್ಲಿ ಆ ಹೊದಿಕೆ ತಿರುಗಿಸಿದರೆ ಒಳಗೆ ಎರಡನೇ ಮುಖಪುಟವಿರುತ್ತದೆ; ಅಲ್ಲಿ ಅಂಗಿಗೆ ಗುಂಡಿ ಹಾಕಲು ಮರೆತ ಗಂಡಸೊಬ್ಬ ಬಿರುಗಾಳಿಯಲ್ಲಿ ನಿಂತಿರುತ್ತಾನೆ.

ಆಮೇಲೆ ಪುಸ್ತಕವನ್ನು ಅಂಗೈ ಮೇಲೆ ಬೆನ್ನು ಊರಿ ನಿಲ್ಲಿಸಿ ಕೈ ಬಿಡಿ. ತಾನಾಗಿ ತೆರೆದುಕೊಳ್ಳುವ ಪುಟವೇ ಹಿಂದಿನ ಓದುಗರು ಮತ್ತೆ ಮತ್ತೆ ಬಂದ ಪುಟ. ಅದು ಚುಂಬನದ ಪುಟ ಎಂದುಕೊಂಡರೆ ಬಹಳ ಸಲ ಸುಳ್ಳಾಗುತ್ತದೆ. ಅಲ್ಲಿ ಇರುವುದು ಅವಳು ಅವನನ್ನು ಬೇಡವೆನ್ನುವ ದೃಶ್ಯ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳದಿ ಬಣ್ಣ ದೋಷವಲ್ಲ. ಅಗ್ಗದ ಮರದ ತಿರುಳಿನ ಕಾಗದದಲ್ಲಿ ಲಿಗ್ನಿನ್ ಇರುತ್ತದೆ. ಅದು ಕಾಲಕ್ರಮೇಣ ಒಡೆಯುವಾಗ ಕಾಗದ ಕಂದುತ್ತದೆ, ತುಸು ವೆನಿಲ್ಲಾ ವಾಸನೆಯೂ ಹುಟ್ಟುತ್ತದೆ. ಬೆನ್ನಿನ ಗೋಂದು ಒಣಗಿ ಹಾಳೆ ಕಳಚುವುದು ಮಾತ್ರ ಅಪಾಯ. ಕೊನೆಯ ಇಪ್ಪತ್ತು ಪುಟ ಇವೆಯೇ ಎಂದು ಅಂಗಡಿಯಲ್ಲೇ ಎಣಿಸಿಕೊಳ್ಳಿ. ಕಥೆ ಹೇಗೂ ಗೊತ್ತು, ನಿಜ. ಆದರೂ ಎಣಿಸಿ.

ಬಿಡಿಭಾಗಗಳು

ನಾಯಕ: ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್, ಇಳಿಕೆಯ ಕ್ರಮದಲ್ಲಿ. ಬ್ಯಾರೊನೆಟ್ ಎಂಬವನು ಈ ಸಾಲಿಗೆ ಸೇರಿದವನಲ್ಲ. ಅವನಿಗೆ ‘ಸರ್’ ಸಿಗುತ್ತದೆ, ಲಾರ್ಡ್ಸ್ ಸಭೆಯಲ್ಲಿ ಕುರ್ಚಿ ಸಿಗುವುದಿಲ್ಲ. ಡ್ಯೂಕನನ್ನು ‘ಮೈ ಲಾರ್ಡ್’ ಎಂದು ಕರೆಸುವ ಲೇಖಕಿ ಸಿಕ್ಕರೆ ಆ ಪ್ರತಿಯನ್ನು ಮೆಲ್ಲಗೆ ಕಪಾಟಿಗೆ ಮರಳಿಸಿ. ಅವನು ‘ಯುವರ್ ಗ್ರೇಸ್’. ಒಂದು ತಮಾಷೆ ಎಂದರೆ, ಈ ವಂಶಕ್ಕೆಲ್ಲ ಮೂಲಮಾತೆಯಾದ ಆಸ್ಟೆನ್‌ರ ನಾಯಕರಲ್ಲಿ ಒಬ್ಬನಿಗೂ ಬಿರುದಿಲ್ಲ. ಡಾರ್ಸಿಗೆ ಇದ್ದದ್ದು ವರ್ಷಕ್ಕೆ 10,000 ಪೌಂಡ್ ವರಮಾನ ಮತ್ತು ಬಿಗಿದ ಮುಖ. ಡ್ಯೂಕರ ಜಾತ್ರೆ ಶುರುವಾದದ್ದು ಆಸ್ಟೆನ್‌ರಾದ ಮೇಲೆ ನೂರು ವರ್ಷ ಕಳೆದು, ಮುಖ್ಯವಾಗಿ ಜಾರ್ಜೆಟ್ ಹೇಯರ್ (1902–1974) ಎಂಬ ಲೇಖಕಿಯ ಬೆನ್ನು ಹಿಡಿದು. ಅವರ ‘ರೀಜೆನ್ಸಿ ಬಕ್’ 1935ರದು.

ಕೊರಳಪಟ್ಟಿ: ಗಂಜಿ ಹಾಕಿ ಬಿಗಿಯಾಗಿ ಕಟ್ಟುವ ಕ್ರಾವಟ್. ಇದರ ಗುರು ಬೋ ಬ್ರಮ್ಮೆಲ್, ಬಿರುದಿಲ್ಲದ ಮನುಷ್ಯ. ಅವನು ಮೂಗು ಮುರಿದರೆ ಲಾರ್ಡುಗಳು ಮನೆಗೆ ಹೋಗಿ ಕೋಟು ಬದಲಿಸುತ್ತಿದ್ದರು. 1816ರಲ್ಲಿ ಸಾಲಗಾರರ ಕಾಟಕ್ಕೆ ಫ್ರಾನ್ಸಿನ ಕ್ಯಾಲೆಗೆ ಓಡಿಹೋಗಿ, 1840ರಲ್ಲಿ ಅದೇ ದೇಶದಲ್ಲಿ ಬುದ್ಧಿಭ್ರಮೆಯಾಗಿ ಸತ್ತ. ಕಾದಂಬರಿಗಳು ಅವನನ್ನು ಎರಡನೇ ಅಧ್ಯಾಯದಲ್ಲಿ ಕರೆಸಿ, ಒಂದು ಚುಚ್ಚುಮಾತಾಡಿಸಿ, ಕಳಿಸಿಬಿಡುತ್ತವೆ.

ಆಲ್ಮ್ಯಾಕ್ಸ್: ಲಂಡನ್ನಿನ ಕಿಂಗ್ ಸ್ಟ್ರೀಟಿನ ಸಭಾಂಗಣ, ಬುಧವಾರದ ನೃತ್ಯಕ್ಕೆ. ತಿನ್ನಲು ತೆಳ್ಳಗೆ ಬೆಣ್ಣೆ ಸವರಿದ ಬ್ರೆಡ್ಡು, ಕುಡಿಯಲು ಲೆಮನೇಡ್. ನಮ್ಮ ಕಡೆ ಇಂಥ ಊಟ ಹಾಕಿದರೆ ಬೀಗರು ಮುನಿಸಿಕೊಂಡು ಎದ್ದು ಹೋಗುತ್ತಾರೆ. ಆದರೂ ಒಳಗೆ ಬಿಡಲು ಚೀಟಿ ಬೇಕು, ಚೀಟಿ ಕೊಡುವುದು ಕೆಲವೇ ಹೆಂಗಸರ ಮಂಡಳಿ. ಗಂಡಸರು ಪಾರ್ಲಿಮೆಂಟಿನಲ್ಲಿ ದೇಶ ಆಳುತ್ತಿದ್ದಾಗ, ಯಾರು ಯಾರನ್ನು ಮದುವೆಯಾಗಬಹುದು ಎಂಬ ಖಾತೆಯನ್ನು ಈ ಮಂಡಳಿ ಇಟ್ಟುಕೊಂಡಿತ್ತು.

ಅತ್ತೆ: ಅಂದರೆ ನಾಯಕಿಯ ಸೋದರತ್ತೆ. ಬಡವಿಯಾದರೆ ತೂಕಡಿಸುತ್ತಾಳೆ, ಸಿರಿವಂತೆಯಾದರೆ ಗುಡುಗುತ್ತಾಳೆ. ಗುಡುಗುವವಳು ಸಾಮಾನ್ಯವಾಗಿ ವಿಧವೆ. ಏಕೆಂಬುದು ಮುಂದಿನ ಭಾಗದಲ್ಲಿದೆ.

ಹಟ: ಕಾರ್ಯವಿಧಾನ

ಯಂತ್ರ ನಡೆಯುವುದು ಇದರಿಂದಲೇ. ಹುಡುಗಿಯ ಹಟವನ್ನು ಗುಣವಿಶೇಷವೆಂದು, ಅಲಂಕಾರವೆಂದು ಓದಬೇಡಿ. ಅವಳ ಕಾಲದ ಇಂಗ್ಲಿಷ್ ಕಾನೂನನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಇಪ್ಪತ್ತೊಂದು ದಾಟಿದ ಮದುವೆಯಾಗದ ಹೆಣ್ಣು ಆಸ್ತಿ ಇಟ್ಟುಕೊಳ್ಳಬಹುದು, ಕರಾರು ಮಾಡಿಕೊಳ್ಳಬಹುದು. ವಿಧವೆಯೂ ಹಾಗೇ, ಅದಕ್ಕೇ ಅತ್ತೆಯ ಗುಡುಗು. ಆದರೆ ತಾಳಿಗೆ ಬದಲು ಉಂಗುರ ಬಿದ್ದ ಗಳಿಗೆಯಿಂದ ಅವಳ ಕೈಯ ಹಣ, ಒಡವೆ, ಗಳಿಕೆ ಗಂಡನದು. ಜಮೀನಿನ ಆಡಳಿತವೂ ಅವನದೇ. ತವರಿನವರು ವಕೀಲರನ್ನು ಕೂರಿಸಿ ಮೊದಲೇ ಟ್ರಸ್ಟು ಬರೆಸಿದ್ದರೆ ಅಷ್ಟರಮಟ್ಟಿಗೆ ಉಳಿಯಿತು. ಇಂಗ್ಲೆಂಡಿನ ವಿವಾಹಿತೆಗೆ ತನ್ನ ಆಸ್ತಿಯ ಮೇಲೆ ಪೂರಾ ಹಕ್ಕು ಬಂದದ್ದು 1882ರ ಕಾಯಿದೆಯಿಂದ. ಪೂರ್ತಿ ವಿಚ್ಛೇದನ ಬೇಕೆಂದರೆ 1857ರವರೆಗೆ ಪಾರ್ಲಿಮೆಂಟಿನಲ್ಲಿ ಖಾಸಗಿ ಕಾಯಿದೆಯನ್ನೇ ಮಾಡಿಸಬೇಕಿತ್ತು.

ಈಗ ನಾಯಕಿಯನ್ನು ನೋಡಿ. ಅವಳು ಚೌಕಾಸಿ ಮಾಡಬಹುದಾದ ಅವಧಿ ‘ಆಗಲಿ’ ಎನ್ನುವ ತನಕ ಮಾತ್ರ. ಆ ಮುನ್ನೂರು ಪುಟಗಳಲ್ಲೇ ಅವಳು ಅವನ ಸಿಟ್ಟು ಎಷ್ಟು, ಜಿಪುಣತನ ಎಷ್ಟು, ತಪ್ಪಾಯಿತು ಎನ್ನಲು ನಾಲಗೆ ಹೊರಳುತ್ತದೆಯೇ ಎಂದು ಪರೀಕ್ಷೆ ಮಾಡಿ ಮುಗಿಸಬೇಕು. ಕುದುರೆಗಾಡಿಯನ್ನು ತಾನೇ ಓಡಿಸುವುದು, ಮಾತಿನ ಚೆಂಡಾಟದಲ್ಲಿ ಸೋಲಿಸುವುದು, ಮೊದಲ ಪ್ರಸ್ತಾಪವನ್ನು ಮುಖಕ್ಕೆ ಎಸೆಯುವುದು, ಎಲ್ಲ ಈ ಪರೀಕ್ಷೆಯ ಪ್ರಶ್ನೆಗಳು. ಹೇಯರ್‌ರ ‘ದ ಗ್ರ್ಯಾಂಡ್ ಸೋಫಿ’ಯಲ್ಲಿ (1950) ಸೋಫಿ ಮಂಗ, ಗಿಳಿ, ನಾಯಿ ಸಮೇತ ಸೋದರತ್ತೆಯ ಮನೆಗೆ ಬಂದಿಳಿದು ಇಡೀ ಮನೆಯನ್ನು ತನ್ನ ತಾಳಕ್ಕೆ ಕುಣಿಸುತ್ತಾಳೆ. ‘ಫ್ರೆಡರಿಕಾ’ದಲ್ಲಿ (1965) ತಮ್ಮ-ತಂಗಿಯರ ಹೊಣೆ ಹೊತ್ತ ಅಕ್ಕ, ಬೇಸರವೇ ಉದ್ಯೋಗವಾಗಿದ್ದ ಮಾರ್ಕ್ವಿಸ್ ಒಬ್ಬನಿಗೆ ಹುಡುಗರ ಕಾಯಿಲೆಯಲ್ಲಿ ಚಿಂತೆ ಮಾಡುವುದನ್ನು ಕಲಿಸುತ್ತಾಳೆ. ಡ್ಯೂಕ್ ಬಹುಮಾನ ಎಂದುಕೊಂಡವರು ಯಂತ್ರವನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ಕಾನೂನು ಯಾರ ಕೈಗೆ ಅತಿ ಹೆಚ್ಚು ಅಧಿಕಾರ ಕೊಟ್ಟಿದೆಯೋ ಅವನನ್ನೇ ಆರಿಸಿಕೊಂಡು, ಮದುವೆಗೆ ಮುಂಚೆ ಬಗ್ಗಿಸಿ ನೋಡುವುದು ಇಲ್ಲಿಯ ಆಟ. ಬೇಡವೆನ್ನುವ ಪುಟದಲ್ಲಿ ಬೈಂಡಿಂಗು ಸಡಿಲವಾಗಿರುವುದು ಸುಮ್ಮನೆಯಲ್ಲ.

ಅವಸರದವರಿಗೆ ಗ್ರೆಟ್ನಾ ಗ್ರೀನ್ ಎಂಬ ಅಡ್ಡದಾರಿ ಇದೆ. 1753ರ ಕಾಯಿದೆ, ಇಪ್ಪತ್ತೊಂದರ ಒಳಗಿನವರು ಲೈಸೆನ್ಸ್ ಪಡೆದು ಮದುವೆಯಾಗಲು ತಂದೆಯ ಒಪ್ಪಿಗೆ ಬೇಕೆಂದಿತು. ಸ್ಕಾಟ್ಲೆಂಡಿಗೆ ಆ ಕಾಯಿದೆ ಇಲ್ಲ. ಗಡಿ ದಾಟಿದೊಡನೆ ಸಿಗುವ ಆ ಊರಲ್ಲಿ ಇಬ್ಬರು ಸಾಕ್ಷಿಗಳೆದುರು ಒಪ್ಪಿದರೆ ಮದುವೆ. ಲಂಡನ್ನಿನಿಂದ 300 ಮೈಲಿಗೂ ಮಿಗಿಲು, ಕುದುರೆಗಾಡಿಯಲ್ಲಿ. ಅಷ್ಟು ದೂರ ಒಬ್ಬನ ಜೊತೆ ಕುಲುಕಿಕೊಂಡು ಕೂತರೆ ಅವನ ನಿಜಗುಣ ತಿಳಿಯದೆ ಇರುವುದಿಲ್ಲವಾದ್ದರಿಂದ ಬುದ್ಧಿವಂತ ನಾಯಕಿಯರು ಅರ್ಧ ದಾರಿಯಿಂದ ವಾಪಸಾಗುತ್ತಾರೆ.

ಶ್ರೀರಂಗಪಟ್ಟಣ ಮಾದರಿ (ಗ್ಯಾರಂಟಿ ಇಲ್ಲ)

ಈ ಯಂತ್ರದ ಅಸಲಿ ಮಾದರಿಯೊಂದು ನಮ್ಮ ಕಾವೇರಿ ದಂಡೆಯಲ್ಲಿ ಕೆಲಕಾಲ ವಾಸವಿತ್ತು. ಆರ್ಥರ್ ವೆಲ್ಲೆಸ್ಲಿ ಎಂಬ ಬಡ ಕಿರಿಮಗ 1793ರಲ್ಲಿ ಕಿಟ್ಟಿ ಪೇಕನ್‌ಹ್ಯಾಮ್‌ಳನ್ನು ಕೇಳಿದಾಗ ಹುಡುಗಿಯ ಮನೆಯವರು ಹುಡುಗನಿಗೆ ಭವಿಷ್ಯವಿಲ್ಲವೆಂದು ಅಟ್ಟಿದರು. ಹುಡುಗ ಭಾರತಕ್ಕೆ ಬಂದ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಗವರ್ನರ್ ಆದ, ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದ, ಚನ್ನಗಿರಿಯ ಬಂಡುಕೋರ ಧೋಂಡಿಯ ವಾಘನನ್ನು ಬೆನ್ನಟ್ಟಿ 1800ರಲ್ಲಿ ಮುಗಿಸಿದ. 1805ರಲ್ಲಿ ಹೆಸರು, ಹಣ ಎರಡನ್ನೂ ಕಟ್ಟಿಕೊಂಡು ಊರಿಗೆ ಮರಳಿದವನು, ಹತ್ತು ವರ್ಷಕ್ಕೂ ಮಿಕ್ಕಿ ಕಣ್ಣಲ್ಲಿ ನೋಡಿರದ ಕಿಟ್ಟಿಗೆ ಪತ್ರದಲ್ಲೇ ಮದುವೆಯ ಮಾತೆತ್ತಿದ. ನಾನು ಮೊದಲಿನ ಹಾಗಿಲ್ಲ, ಒಮ್ಮೆ ನೋಡಿ ತೀರ್ಮಾನಿಸು ಎಂಬ ಅರ್ಥದಲ್ಲಿ ಅವಳೇ ಎಚ್ಚರಿಸಿದಳು. ಅವನು ನೋಡದೆಯೇ 1806ರಲ್ಲಿ ಮದುವೆಯಾದ. ಪರೀಕ್ಷೆಯಿಲ್ಲದ ಮದುವೆ, ಇಬ್ಬರೂ ಸುಖಪಡಲಿಲ್ಲ. 1814ರಲ್ಲಿ ಅವನು ವೆಲ್ಲಿಂಗ್ಟನ್ ಡ್ಯೂಕ್ ಆದ, ಮರುವರ್ಷ ವಾಟರ್ಲೂ ಗೆದ್ದ. ಹೇಯರ್‌ರ ‘ಆನ್ ಇನ್‌ಫೇಮಸ್ ಆರ್ಮಿ’ಯಲ್ಲಿ (1937) ಅವನು ಬರುತ್ತಾನೆ, ಸೇನಾಪತಿಯಾಗಿ. ಪ್ರೇಮದ ಭಾರ ಹೊರಲು ಲೇಖಕಿ ಬೇರೊಬ್ಬನನ್ನು ಇಟ್ಟುಕೊಂಡಿದ್ದಾರೆ. ಜಾಣತನ.

ಸಾಮಾನ್ಯ ದೋಷಗಳು

ಹಣ ಎಲ್ಲಿಂದ ಬಂತು ಎಂದು ಪುಸ್ತಕ ಹೇಳದಿದ್ದರೆ ನೀವೇ ಕೇಳಿ. ಹಲವು ಭವ್ಯ ಮನೆಗಳ ಹಿಂದೆ ವೆಸ್ಟ್ ಇಂಡೀಸಿನ ಕಬ್ಬಿನ ತೋಟ, ಅಲ್ಲಿನ ಗುಲಾಮರ ದುಡಿಮೆ ಇತ್ತು. ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿದ್ದು 1807ರಲ್ಲಿ. ಗುಲಾಮಗಿರಿಯ ರದ್ದತಿಗೆ ಕಾಯಿದೆ ಬಂದದ್ದು 1833ರಲ್ಲಿ. ನಡುವಿನ ನೃತ್ಯಗಳೆಲ್ಲ ಆ ಸಕ್ಕರೆಯ ಮೇಲೇ ನಡೆದವು. ಮೇಲೆ ಹೊಗಳಿದ ‘ಸೋಫಿ’ಯಲ್ಲೂ ಒಬ್ಬ ಯೆಹೂದಿ ಲೇವಾದೇವಿಗಾರನ ಚಿತ್ರಣ ಅಸಹ್ಯವಾಗಿದೆ. ಇದಕ್ಕೆ ರಿಪೇರಿ ಇಲ್ಲ. ಆ ಪುಟ ಬಂದಾಗ ಲೇಖಕಿಯ ಮೇಲೆ ಸಿಟ್ಟು ಮಾಡಿಕೊಂಡು ಮುಂದಕ್ಕೆ ಹೋಗುವುದು.

ಮುಖಪುಟದ ಮೇಲೆ ಟಿವಿ ನಟರ ಮುಖವಿದ್ದರೆ ಅದು 2020ರ ‘ಬ್ರಿಜರ್ಟನ್’ ಧಾರಾವಾಹಿಯ ನಂತರದ ಮುದ್ರಣ. ಧಾರಾವಾಹಿಗೆ ಮೂಲವಾದ ಜೂಲಿಯಾ ಕ್ವಿನ್‌ರ ಕಾದಂಬರಿ 2000ದಿಂದಲೂ ಇದೆ. ಹಳೇ ಮುಖಪುಟ ಹುಡುಕಿ. ಕರಾವಳಿಯಲ್ಲಿರುವವರು ಮಳೆಗಾಲದಲ್ಲಿ ಪುಸ್ತಕಗಳ ನಡುವೆ ಒಣಗಿದ ಬೇವಿನೆಲೆ ಇಡಿ. ಬೆಳ್ಳಿಹುಳಕ್ಕೆ ಗೋಂದು ಇಷ್ಟ.

ವಾಪಸಾತಿ

ಓದಿ ಮುಗಿದದ್ದನ್ನು ಅಂಗಡಿ ವಾಪಸ್ ತೆಗೆದುಕೊಂಡರೆ ಸಂಕೋಚವಿಲ್ಲದೆ ಕೊಡಿ. ಹೇಯರ್‌ರ ‘ಎ ಸಿವಿಲ್ ಕಾಂಟ್ರಾಕ್ಟ್’ (1961) ಒಂದನ್ನು ಮಾತ್ರ ಇಟ್ಟುಕೊಳ್ಳಿ. ಯುದ್ಧದಿಂದ ಬಂದ ವೈಕೌಂಟನಿಗೆ ಅಪ್ಪ ಬಿಟ್ಟುಹೋದ ಸಾಲ ಕಾದಿದೆ. ಪ್ರೀತಿಸಿದವಳನ್ನು ಬಿಟ್ಟು, ಸಿರಿವಂತ ವ್ಯಾಪಾರಿಯ ಚೆಲುವಿಲ್ಲದ ಮಗಳು ಜೆನ್ನಿಯನ್ನು ಮದುವೆಯಾಗುತ್ತಾನೆ. ಮಿಕ್ಕವು ಹೆಚ್ಚಾಗಿ ಮದುವೆಗೆ ನಿಂತರೆ ಇದು ಮದುವೆಯಿಂದ ಮುಂದೆ ಹೋಗುತ್ತದೆ. ಜೆನ್ನಿ ಗಾಡಿ ಓಡಿಸುವುದಿಲ್ಲ, ಚುರುಕು ಮಾತಾಡುವುದಿಲ್ಲ. ಗಂಡನಿಗೆ ಏನು ಸೇರುತ್ತದೆಂದು ತಿಳಿದುಕೊಂಡು ಅಡುಗೆಮನೆಗೆ ಹೇಳಿ ಕಳಿಸುತ್ತಾಳೆ, ಹಳ್ಳಿಯ ಮನೆಯನ್ನು ದುರಸ್ತಿ ಮಾಡಿಸುತ್ತಾಳೆ, ಅಪ್ಪನ ದರ್ಪ ಮತ್ತು ಗಂಡನ ಬಿಂಕದ ನಡುವೆ ದಿನವೂ ಸಂಧಾನ ನಡೆಸುತ್ತಾಳೆ. ಇದು ರೊಮ್ಯಾನ್ಸೇ ಅಲ್ಲ ಎನ್ನುವವರು ಅನೇಕರಿದ್ದಾರೆ. ಅದರಿಂದ ಒಂದು ಲಾಭವಿದೆ: ಹಳೇ ಪುಸ್ತಕದಂಗಡಿಗಳಲ್ಲಿ ಇದರ ಬೆನ್ನು ಬಿಗಿಯಾಗಿರುವ ಪ್ರತಿ ಇನ್ನೂ ಸಿಗುತ್ತದೆ, ಅಗ್ಗಕ್ಕೆ.