ಯಜಮಾನನಿಲ್ಲದ ಊರು ನಡೆಯುತ್ತದೆಯೇ, ಭಾವ?

ಸರ್ಕಾರ, ಪೊಲೀಸು, ಕೋರ್ಟು ಯಾವುದೂ ಇಲ್ಲದೆ ಮನುಷ್ಯರು ಬಾಳಿಯಾರೇ ಎಂದು ಕೇಳಿದಿರಲ್ಲ ಭಾವ, ಅದು ಸುಮ್ಮನೆ ಕೇಳಿ ಹೋಗುವ ಪ್ರಶ್ನೆಯಲ್ಲ. ದಣಪೆ ದಾಟಿ ಬರುವುದೇನೂ ಬೇಡ, ಅಲ್ಲೇ ನಿಲ್ಲಿ, ಒಂದು ಕವಳ ಹಾಕುವಷ್ಟು ಹೊತ್ತು ಮಾತಾಡೋಣ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಎಷ್ಟೋ ಕೆಲಸ ಯಾರ ಅಪ್ಪಣೆಯೂ ಇಲ್ಲದೆ ಸಾಗುತ್ತದೆ. ಮಳೆ ನಿಂತ ಮೇಲೆ ಹಳ್ಳಕ್ಕೆ ಒಡ್ಡು ಹಾಕಿ ಎಂದು ತಹಶೀಲ್ದಾರರು ನೋಟಿಸು ಕಳಿಸುತ್ತಾರೆಯೇ? ಕಾಲುಸಂಕ ಕಟ್ಟುವುದಕ್ಕೆ ಎಷ್ಟು ಊರು ಟೆಂಡರಿಗೆ ಕಾದಿದೆ? ಕೊನೆಕೊಯ್ಲಿನಲ್ಲಿ ಇವತ್ತು ನಿಮ್ಮಲ್ಲಿ ಅಡಿಕೆ ಸುಲಿದವರು ನಾಳೆ ನಮ್ಮ ಅಂಗಳಕ್ಕೆ ಬರುತ್ತಾರೆ. ಮುಯ್ಯಾಳಿನ ಲೆಕ್ಕ ಬರೆದಿಟ್ಟವರಿಲ್ಲ, ತಪ್ಪಿಸಿಕೊಂಡವರೂ ಕಡಿಮೆ. ನಾಳೆ ಬೆಳಗಾದರೆ ಮತ್ತೆ ಮುಖ ನೋಡಬೇಕಲ್ಲ! ರಷ್ಯದ ಚಿಂತಕ ಕ್ರೊಪೋಟ್ಕಿನ್ 1902ರಲ್ಲಿ ಒಂದು ಇಡೀ ಪುಸ್ತಕ ಬರೆದು ಹೇಳಿದ್ದು ಇದನ್ನೇ: ಜೀವಿಗಳು ಉಳಿದು ಬಂದಿರುವುದರಲ್ಲಿ ಪೈಪೋಟಿಗಿಂತ ಪರಸ್ಪರ ನೆರವಿನ ಪಾಲು ಸಣ್ಣದಲ್ಲ.

ಆಳುವವರಿಗೆ ‘ಆಗದು’ ಎಂದು ಹೇಳಿದ್ದೂ ನಮ್ಮ ಸೀಮೆಗೆ ಗೊತ್ತಿದೆ. 1932ರ ಕರನಿರಾಕರಣೆಯಲ್ಲಿ ಸಿದ್ದಾಪುರದ ರೈತರು ಕಂದಾಯ ಕಟ್ಟಲಿಲ್ಲ. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜಿಗಿಟ್ಟಿತು. ಹರಾಜಿನಲ್ಲಿ ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕೂತರು. ಅವರ ನೆನಪಿನ ಸ್ಮಾರಕ ಮಾವಿನಗುಂಡಿಯಲ್ಲಿದೆ, ನೀವು ನೋಡಿದ್ದೀರಿ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯವರು ಕಳಾಸೆ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಕಾನೂನಿನ ಕಾಗದ ಅರಣ್ಯ ಇಲಾಖೆಯ ಕೈಯಲ್ಲಿತ್ತು, ಕಾಡಿನ ಮೇಲಿನ ಕಾಳಜಿ ಊರಿನ ಕೈಯಲ್ಲಿತ್ತು.

ಇಷ್ಟು ಕೇಳಿ ನೀವು ‘ಹಾಗಾದರೆ ಸರ್ಕಾರವೇ ಬೇಡ’ ಎನ್ನಬಹುದು. ಅಲ್ಲೇ ನಾನು ತಡೆದು ನಿಲ್ಲುತ್ತೇನೆ. ಘಟ್ಟದ ಕೆಳಗೆ ಕುಮಟಾದ ಹಳಕಾರದವರು ತಮ್ಮ ಗ್ರಾಮ ಅರಣ್ಯವನ್ನು ತಾವೇ ಪಂಚಾಯ್ತಿ ಮಾಡಿಕೊಂಡು, ತಾವೇ ಕಾವಲಿಟ್ಟು, ತಲೆಮಾರುಗಳಿಂದ ಉಳಿಸಿದ್ದಾರೆ. ಸರ್ಕಾರ ಅದನ್ನು ರದ್ದು ಮಾಡಹೊರಟಾಗ ಅವರೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಇನ್ನೊಂದು ಮಾತು ಹೆಚ್ಚು ಕಹಿ. ಒಂದೆಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಎಂಬ ಸವಲತ್ತು ನಮಗೆ ಬಂದಿದೆ. ತೋಟವೇ ಇಲ್ಲದವನಿಗೆ? ಅವನಿಗೆ ಬೆಟ್ಟವೂ ಇಲ್ಲ. ಊರ ಪಂಚಾಯ್ತಿಕೆ ಜಗಲಿಯ ಮೇಲೆ ಕೂತು ನಡೆಯಿತು. ಕೂಲಿಯವರು ಅಂಗಳದಲ್ಲಿ ನಿಂತರು, ಹೆಂಗಸರು ಒಳಗಿದ್ದರು. ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು 1951ರಲ್ಲಿ ಭೂಮಾಲೀಕರ ಎದುರು ಸತ್ಯಾಗ್ರಹ ಮಾಡಬೇಕಾಯಿತು. ಕೊನೆಗೆ ಉಳುವವನ ಹೆಸರಿಗೆ ಭೂಮಿ ಬಂದದ್ದು 1974ರ ಭೂಸುಧಾರಣೆಯ ತಿದ್ದುಪಡಿಯಿಂದ. ಊರಿನ ಒಳ್ಳೆಯತನ ಮಾಡದೇ ಬಿಟ್ಟ ಕೆಲಸವನ್ನು ಕಾನೂನು ಮಾಡಿತು.

ಅದಕ್ಕೇ ನನಗೆ ಅನ್ನಿಸುವುದು ಇಷ್ಟು. ಯಜಮಾನನಿಲ್ಲದ ಬಾಳುವೆ ಕನಸಲ್ಲ, ನಾವು ದಿನಾ ಅದರ ಒಂದು ಪಾಲನ್ನು ಬಾಳುತ್ತಿದ್ದೇವೆ. ಆದರೆ ಒಬ್ಬನ ಅನ್ನ ಇನ್ನೊಬ್ಬನ ಮರ್ಜಿಯಲ್ಲಿ ಇರುವಲ್ಲಿ ಅದು ನಿಲ್ಲುವುದಿಲ್ಲ. ಅಲ್ಲಿ ಸರ್ಕಾರ ಹೋದರೆ ಅದರ ಜಾಗಕ್ಕೆ ಬರುವವನು ಊರಿನ ದೊಡ್ಡ ಹಿಡುವಳಿದಾರ. ಮೊದಲು ಎಲ್ಲರಿಗೂ ಕಾಲೂರಲು ಸಮನಾದ ನೆಲ ಬೇಕು, ಆಮೇಲೆ ಮುಯ್ಯಿನ ಬಾಳು ತಾನಾಗಿ ಬೆಳೆಯುತ್ತದೆ.

ಈ ಸಲ ಒಡ್ಡಿನ ಸಭೆಗೆ ತೋಟ ಇದ್ದವರನ್ನಷ್ಟೇ ಕರೆಯುವುದು ಬೇಡ ಭಾವ. ಹಳ್ಳದ ಕೆಳಗಿನ ಕೇರಿಯವರ ಬಾವಿಗೂ ಅದೇ ನೀರು. ನೀರು ಎಷ್ಟು ತಿರುಗಿಸಬೇಕು, ಎಷ್ಟು ಕೆಳಗೆ ಬಿಡಬೇಕು ಎಂಬುದನ್ನು ಅವರೂ ಜಗಲಿಯ ಮೇಲೆ ಕೂತು, ಹೆಂಗಸರೂ ಸೇರಿ ತೀರ್ಮಾನಿಸಲಿ. ನೀವು ಆಚೆ ಕೇರಿಗೆ ಹೇಳಿಬನ್ನಿ, ಈಚೆಯವರಿಗೆ ನಾನು ಹೇಳುತ್ತೇನೆ.